ಭಾವನ ಇಲಾಖೆ, ಭಾವಮೈದುನನ ಬಣ್ಣ

ನಿರ್ದೇಶಕರು ಅವತ್ತು ಕುರ್ಚಿಯಿಂದ ಎದ್ದು ಹೊರಗೆ ಹೋಗಿದ್ದರೆ ಈ ಕತೆ ಹುಟ್ಟುತ್ತಲೇ ಇರಲಿಲ್ಲ. ಬಾಗಿಲೇನೂ ದೂರ ಇರಲಿಲ್ಲ. ಹೊರಗೆ ಹೋಗಿ ಒಂದು ಲೋಟ ಟೀ ಕುಡಿದು, ಒಳಗಿನವರು ತೀರ್ಮಾನ ಮುಗಿಸಿದ ಮೇಲೆ ಬಂದು ಕೂತಿದ್ದರೆ ಸಾಕಿತ್ತು. ನಿಯಮವೂ ಅದನ್ನೇ ಹೇಳುತ್ತದೆ. ಖರೀದಿ ಸಮಿತಿಯ ಮುಂದೆ ನಿಮ್ಮ ನೆಂಟರ ವಿಷಯ ಬಂದರೆ, ‘ಇವರು ನನಗೆ ಇಂಥವರಾಗಬೇಕು’ ಎಂದು ಎಲ್ಲರ ಎದುರು ಹೇಳಿ ಎದ್ದು ಹೋಗಬೇಕು.

ಆ ‘ಇಂಥವರು’ ಎಂಬ ಮಾತೇ ನಿರ್ದೇಶಕರ ಗಂಟಲಲ್ಲಿ ಸಿಕ್ಕಿಕೊಂಡಿತು. ಸರ್ಕಾರಿ ಕಟ್ಟಡಗಳಿಗೆಲ್ಲ ಬಣ್ಣ ಹೊಡೆಸುವ ಗುತ್ತಿಗೆ ಅದು. ಎಲ್ಲರಿಗಿಂತ ಕಡಿಮೆ ದರ ಹೇಳಿದ್ದವನು ಅವರ ಹೆಂಡತಿಯ ಸ್ವಂತ ತಮ್ಮ. ಇವರಿಬ್ಬರಿಗೂ ಮಾತುಕತೆ ನಿಂತು ಯಾವ ಕಾಲವಾಗಿತ್ತೋ. ಭಾವಮೈದುನ ಎಂಬ ಶಬ್ದವನ್ನು ಬಾಯಿಂದ ತೆಗೆಯುವುದಕ್ಕಿಂತ ಕೂತಲ್ಲೇ ಕೂತಿರುವುದು ವಾಸಿ ಎನಿಸಿತು ಅವರಿಗೆ.

ಜಗಳದ ಮೂಲವೂ ಬಣ್ಣವೇ. ನಿರ್ದೇಶಕರು ಹೊಸ ಮನೆ ಕಟ್ಟಿಸಿದಾಗ ಭಾವಮೈದುನ, ಆಗಿನ್ನೂ ಹೊಸದಾಗಿ ಅಂಗಡಿ ಇಟ್ಟವನು, ‘ಭಾವ, ಬಣ್ಣ ನನ್ನ ಉಡುಗೊರೆ’ ಎಂದು ತಾನೇ ನಿಂತು ಹೊಡೆಸಿಕೊಟ್ಟ. ನೆಂಟರನ್ನೂ ಮೇಲಧಿಕಾರಿಗಳನ್ನೂ ಊಟಕ್ಕೆ ಕರೆದ ದಿನ ಚಾವಣಿಯಿಂದ ಅಂಗೈಯಗಲದ ಚಕ್ಕೆಯೊಂದು ಕಳಚಿ ನೇರವಾಗಿ ಮೇಲಧಿಕಾರಿಯ ತಟ್ಟೆಗೆ ಬಿತ್ತು. ಅವಮಾನದಲ್ಲಿ ನಿರ್ದೇಶಕರ ನಾಲಿಗೆ ಜಾರಿತು. “ನಿನ್ನ ಬಣ್ಣಾನೂ ನಿನ್ನ ಹಾಗೇ ಕಣಯ್ಯಾ, ಎಲ್ಲೂ ನೆಟ್ಟಗೆ ನಿಲ್ಲಲ್ಲ!” ಹುಡುಗ ಅರ್ಧ ಊಟಕ್ಕೇ ಎದ್ದ. ಕೈಯನ್ನೂ ತೊಳೆಯದೆ ಹೋದವನು ಮತ್ತೆ ಆ ಮನೆಯ ಮೆಟ್ಟಿಲು ಹತ್ತಲಿಲ್ಲ.

ಇಂಥ ಭಾವಮೈದುನನಿಗೆ ಗುತ್ತಿಗೆ ಕೊಡಿಸುವುದುಂಟೆ? ನಿರ್ದೇಶಕರು ಸಮಿತಿಯಲ್ಲಿ ಮೇಜು ಕುಟ್ಟಿ, “ಈ ಕಂಪನಿ ಬೇಡ, ಬೇಡವೇ ಬೇಡ” ಎಂದರು. ಆದರೆ ಆ ಕಚೇರಿಯ ಪದ್ಧತಿಯೇ ಬೇರೆ. ಹಿಂದಿದ್ದ ನಿರ್ದೇಶಕರು ತಮಗೆ ಬೇಕಾದದ್ದು ಎದುರಿಗೆ ಬಂದಾಗಲೆಲ್ಲ ‘ಬೇಡ, ಜನ ಏನಂದುಕೊಳ್ತಾರೆ’ ಎನ್ನುತ್ತಿದ್ದರು. ಕೈಕೆಳಗಿನವರು ಬಲವಂತ ಮಾಡಿ ಒಪ್ಪಿಸಬೇಕಿತ್ತು. ಹೀಗೆ ಪಳಗಿದ್ದ ಸಮಿತಿ ಈಗಲೂ ಕಣ್ಣುಸನ್ನೆ ಮಾಡಿಕೊಂಡಿತು. ಸಾಹೇಬರು ಕೈಗೆ ಮಸಿ ಹತ್ತದ ಹಾಗೆ ಎಷ್ಟು ಚೆನ್ನಾಗಿ ಆಡುತ್ತಾರೆ ಎಂದು ಮೆಚ್ಚಿಕೊಂಡು, ಅವರೊಬ್ಬರ ವಿರೋಧದ ನಡುವೆ ಉಳಿದವರೆಲ್ಲ ಕೈ ಎತ್ತಿ ಗುತ್ತಿಗೆಯನ್ನು ಭಾವಮೈದುನನಿಗೇ ಕೊಟ್ಟರು. ಎಲ್ಲರಿಗಿಂತ ಎತ್ತರಕ್ಕೆ ಕೈ ಎತ್ತಿದವನು ಅವರ ಆಪ್ತ ಸಹಾಯಕ. ಕಚೇರಿಯಲ್ಲಿ ಅವನನ್ನು ಹೌದಪ್ಪ ಎಂದೇ ಕರೆಯುತ್ತಿದ್ದರು.

ಇದೆಲ್ಲ ಆಗಿ ಗೋಡೆಗಳಿಗೆ ಬಣ್ಣ ಏರುತ್ತಿದ್ದ ಹೊತ್ತಿಗೆ ಗುತ್ತಿಗೆದಾರ ನಿರ್ದೇಶಕರ ಭಾವಮೈದುನ ಎಂದು ಯಾರೋ ಮಂತ್ರಿಗಳಿಗೆ ಸುದ್ದಿ ಮುಟ್ಟಿಸಿದರು. ಮಂತ್ರಿಗಳು ತಮ್ಮ ಮೈಗೆ ಅಂಟದಿರಲೆಂದು ತಕ್ಷಣ ವಿಚಾರಣೆಗೆ ಆದೇಶ ಹೊರಡಿಸಿದರು. ವಿಚಾರಣೆಯ ದಿನ ಬೆಳಿಗ್ಗೆಯೇ ಪತ್ರಿಕೆಯಲ್ಲೂ ಬಂತು.

“ಏನ್ ಸಾರ್, ಪೇಪರ್ ನೋಡಿದ್ರಾ?” ಎದುರುಮನೆಯ ನಿವೃತ್ತ ಮೇಷ್ಟ್ರು ಗೇಟಿನ ಆಚೆಯಿಂದಲೇ ಕೂಗಿದರು. ನೋಡಿಲ್ಲ ಎನ್ನುವಷ್ಟರಲ್ಲಿ ಇಡೀ ಬೀದಿಗೆ ಪಾಠ ಹೇಳುವ ದನಿಯಲ್ಲಿ ಓದಿಯೇಬಿಟ್ಟರು: “ಭಾವನ ಇಲಾಖೆ, ಭಾವಮೈದುನನ ಬಣ್ಣ!” ಪಕ್ಕದ ಮನೆಯ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು.

ಒಳಗೆ ಹೆಂಡತಿ ಪತ್ರಿಕೆ ಬಿಡಿಸಿಕೊಂಡು ಕೂತಿದ್ದರು. ಗಂಡನ ಚಿತ್ರ, ತಮ್ಮನ ಚಿತ್ರ ಅಕ್ಕಪಕ್ಕದಲ್ಲಿದ್ದವು.

“ಒಂದು ಫೋನ್ ಮಾಡಿ ಅವನಿಗೆ ಅಂತ ಇಷ್ಟು ವರ್ಷ ಬಡ್ಕೊಂಡೆ. ಮಾಡ್ಲಿಲ್ಲ. ಈಗ ನೋಡಿ, ಪೇಪರ್‌ನೋರೇ ಇಬ್ಬರನ್ನೂ ಜೊತೆಗೆ ನಿಲ್ಲಿಸಿದಾರೆ” ಎಂದರು. ಆಮೇಲೆ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು, “ತುಂಬಾ ಸೊರಗಿದಾನೆ” ಎಂದು ತಮಗೆ ತಾವೇ ಹೇಳಿಕೊಂಡರು.

ನಿರ್ದೇಶಕರಿಗೆ ಆಗಲೇ ತಲೆಯಲ್ಲಿ ದೀಪ ಹೊತ್ತಿತು. ಮಾತೇ ಆಡದ ಭಾವಮೈದುನನಿಗೆ ಯಾರಾದರೂ ಉಪಕಾರ ಮಾಡುತ್ತಾರೆಯೆ? ಜಗಳವನ್ನು ಸಾಬೀತು ಮಾಡಿಬಿಟ್ಟರೆ ಆರೋಪ ತಾನಾಗಿ ಬಿದ್ದುಹೋಗುತ್ತದೆ. ಸದ್ಯ, ಇಷ್ಟು ವರ್ಷ ರಾಜಿಯಾಗದೆ ಉಳಿದದ್ದು ಒಳ್ಳೆಯದಾಯಿತು ಎಂದುಕೊಂಡರು. ಹಾಗೆ ಅಂದುಕೊಂಡದ್ದಕ್ಕೆ ಒಳಗೆಲ್ಲೋ ಚುರ್ ಎಂದಿತು, ನಿಜ. ಆದರೆ ಕುರ್ಚಿ ಹೋಗುವ ಹೊತ್ತಿನಲ್ಲಿ ಅದನ್ನೆಲ್ಲ ಕೇಳುವವರು ಯಾರು?

“ನೀನೂ ಬಾ. ನಾವಿಬ್ಬರೂ ಹಾವು ಮುಂಗುಸಿ ಅಂತ ಒಂದೇ ಒಂದು ಮಾತು ಹೇಳಿಬಿಡು.”

“ಗಂಡಂಗೂ ತಮ್ಮಂಗೂ ಆಗಲ್ಲ ಅಂತ ನಾನೇ ನಿಂತು ಸಾಕ್ಷಿ ಹೇಳ್ಬೇಕಾ? ನನ್ ಕೈಲಾಗಲ್ಲ, ಹೋಗಿ” ಎಂದು ಅವರು ಎದ್ದು ಅಡಿಗೆಮನೆಗೆ ಹೋದರು.

“ನಾನಿದೀನಲ್ಲ ಸಾರ್!” ಗೇಟಿನ ಹತ್ತಿರ ಮೇಷ್ಟ್ರು ಆಗಲೇ ಚಪ್ಪಲಿ ಮೆಟ್ಟಿ ಸಿದ್ಧವಾಗಿದ್ದರು. “ಅವತ್ತು ನಾನೂ ಊಟಕ್ಕೆ ಕೂತಿದ್ದೆ. ಕಣ್ಣಾರೆ ಕಂಡಿದ್ದನ್ನ ಹೇಳೋಕೆ ಏನು?” ಬೇಡವೆನ್ನುವ ಮೊದಲೇ ಕಾರಿನ ಮುಂದಿನ ಸೀಟಿನಲ್ಲಿ ಕೂತೂಬಿಟ್ಟರು.

ಕಚೇರಿಯ ಮೊಗಸಾಲೆಯಲ್ಲಿ ಅವತ್ತೇ ಬಣ್ಣದ ಕೆಲಸ ನಡೆದಿತ್ತು. ತಿಳಿ ಹಸಿರು ಎಲ್ಲೆಲ್ಲೂ. ‘ಬಣ್ಣ ಹಸಿ ಇದೆ’ ಎಂಬ ಹಲಗೆಯನ್ನೂ ಸೇರಿಸಿ ಬಣ್ಣ ಬಳಿದಿದ್ದರು. ಪತ್ರಕರ್ತರು ಕ್ಯಾಮರಾ ಹಿಡಿದು ನುಗ್ಗಿ ಬಂದಾಗ ನಿರ್ದೇಶಕರು ಹಿಂದೆ ಹಿಂದೆ ಸರಿದು ಗೋಡೆಗೆ ಒರಗಿದರು. ‘ನನಗೂ ಆ ಬಣ್ಣಕ್ಕೂ ಯಾವ ಸಂಬಂಧವೂ ಇಲ್ಲ’ ಎಂದು ಗಂಭೀರವಾಗಿ ಹೇಳಿ ತಿರುಗಿದರು. ಕ್ಯಾಮರಾಗಳೆಲ್ಲ ಅವರ ಬೆನ್ನಿನ ಚಿತ್ರವನ್ನು ತೆಗೆದುಕೊಂಡವು.

ಹೌದಪ್ಪ ಓಡಿಬಂದು ಚಿಂದಿ ಬಟ್ಟೆಯಲ್ಲಿ ಉಜ್ಜಿದ. ಉಜ್ಜಿದಷ್ಟೂ ಹಸಿರು ಹರಡಿ ಸೊಂಟದವರೆಗೆ ಇಳಿಯಿತು. “ಎಂಥಾ ಬಣ್ಣ ಸಾರ್! ಬಿಡೋದೇ ಇಲ್ಲ ಅಂತದೆ. ಒಳ್ಳೇ ಮಾಲು ಕೊಟ್ಟಿದಾರೆ” ಎಂದು ಕಣ್ಣು ಮಿಟುಕಿಸಿದ.

“ನೀನು ಸಾಕ್ಷಿ ಹೇಳುವಾಗ ಬಾಯಿ ಮುಚ್ಕೊಂಡಿದ್ರೆ ಸಾಕು” ಎಂದರು ನಿರ್ದೇಶಕರು.

“ಹೌದು ಸಾರ್” ಎಂದ ಅವನು. ಆಗಲೇ ಮೊಗಸಾಲೆಯ ಆ ಕೊನೆಯಿಂದ ಒಂದು ದನಿ ಕೇಳಿತು.

“ಭಾವಾ! ಭಾವಾ!”

ಭಾವಮೈದುನ. ಜನರನ್ನು ಎರಡೂ ಕೈಯಿಂದ ಸರಿಸುತ್ತ, ತಬ್ಬಿಕೊಳ್ಳಲು ಬರುವವನ ಹಾಗೆ ಬರುತ್ತಿದ್ದ. ಕ್ಯಾಮರಾಗಳ ಎದುರು ಇವನೊಮ್ಮೆ ತಬ್ಬಿದರೆ ಎಲ್ಲ ಮುಗಿಯಿತು! ನಿರ್ದೇಶಕರು ಕೈಗೆ ಸಿಕ್ಕ ಬಾಗಿಲನ್ನು ತಳ್ಳಿ ಒಳಗೆ ಹೊಕ್ಕು ಚಿಲಕ ಹಾಕಿಕೊಂಡರು. ಅದು ಉಗ್ರಾಣ. ನೆಲದಿಂದ ಚಾವಣಿಯವರೆಗೆ ಬಣ್ಣದ ಡಬ್ಬಿಗಳು, ಪ್ರತಿ ಡಬ್ಬಿಯ ಮೇಲೂ ಭಾವಮೈದುನನ ನಗುಮುಖ.

ಅಷ್ಟು ಜನ ಭಾವಮೈದುನರ ನಡುವೆ ನಿರ್ದೇಶಕರು ಉಸಿರು ಬಿಗಿಹಿಡಿದು ಕೂತರು. ಹೊರಗೆ ಅವನು ಇನ್ನೂ ಕೂಗುತ್ತಿದ್ದ. ದನಿ ದಪ್ಪವಾಗಿತ್ತು, ಆದರೆ ಕರೆಯುವ ರೀತಿ ಅದೇ. ಮದುವೆಯಾದ ಹೊಸತರಲ್ಲಿ ಚಡ್ಡಿ ಹಾಕಿಕೊಂಡು ಇವರ ಬೆನ್ನಿಗೇ ಅಂಟಿಕೊಂಡಿರುತ್ತಿದ್ದ ಹುಡುಗ ಅವನು. ಸೈಕಲ್ ಕಲಿಸಿದ್ದು ಇವರೇ. ಹಿಂದಿನಿಂದ ಕೈ ಬಿಟ್ಟದ್ದು ಗೊತ್ತಾಗದೆ ‘ಭಾವಾ, ಹಿಡ್ಕೊಂಡಿದೀರಾ?’ ಎಂದು ಕೂಗುತ್ತಲೇ ಬೀದಿಯ ಕೊನೆಯವರೆಗೆ ಹೋಗಿಬಿಟ್ಟಿದ್ದ. ಚಿಲಕ ತೆಗೆದುಬಿಡೋಣವೇ ಎಂದು ಕೈ ಮೇಲೆತ್ತಿದರು. ಆಮೇಲೆ ಕ್ಯಾಮರಾ ನೆನಪಾಗಿ ಇಳಿಸಿದರು. ಆ ಕೈ ಇಳಿಸಿದ್ದನ್ನು ಮುಂದೆ ಎಷ್ಟು ಸಲ ನೆನೆದು ನೊಂದರೋ, ಹೇಳಲಾಗದು.

ವಿಚಾರಣೆ ನಡೆದದ್ದು ಹಳೆಯ ಸಭಾಕೋಣೆಯಲ್ಲಿ. ದೊಡ್ಡ ಕೋಣೆಯನ್ನು ಪ್ಲೈವುಡ್ ಅಡ್ಡಗೋಡೆಯಿಂದ ಎರಡು ಮಾಡಿದ್ದರು. ಅಡ್ಡಗೋಡೆ ಆಳೆತ್ತರಕ್ಕೇ ನಿಂತಿತ್ತು. ಈಚೆ ವಿಚಾರಣೆ, ಆಚೆ ಸಾಕ್ಷಿಗಳು ಕಾಯುವ ಬೆಂಚು. ವಿಚಾರಣೆ ಮಾಡಲು ಬಂದವರು ನಿವೃತ್ತ ನ್ಯಾಯಾಧೀಶೆ. ಮೂಗಿನ ತುದಿಗೆ ಕನ್ನಡಕ ಇಟ್ಟುಕೊಂಡು ಹೆಚ್ಚು ಮಾತಾಡದ ಹೆಂಗಸು.

ಮೊದಲು ಹೌದಪ್ಪನನ್ನು ಕೇಳಿದರು: “ಸಾಹೇಬರು ಸ್ಪಷ್ಟವಾಗಿ ಬೇಡ ಅಂದ್ರಲ್ಲ, ಮತ್ಯಾಕೆ ಕೈ ಎತ್ತಿದ್ರಿ?”

“ಬೇಡ ಅಂದಿದ್ದಕ್ಕೇ ಎತ್ತಿದ್ದು ಮೇಡಂ. ಅದೂ ಅಷ್ಟು ಜೋರಾಗಿ ಬೇಡ ಅಂದ್ರೆ, ಎಷ್ಟು ಬೇಕಿರಬೇಕು ಅಂತ!”

ನಿರ್ದೇಶಕರು ಹಣೆ ಚಚ್ಚಿಕೊಂಡರು. ನ್ಯಾಯಾಧೀಶೆ ಅವರ ಕಡೆ ತಿರುಗಿ, “ಅಂದ್ರೆ ನಿಮ್ಮ ವಿರೋಧ ನಾಟಕ” ಎಂದರು.

“ಖಂಡಿತಾ ಇಲ್ಲ ಮೇಡಂ! ಮೇಷ್ಟ್ರನ್ನ ಕೇಳಿ.”

ಮೇಷ್ಟ್ರು ಇಂಥ ದಿನಕ್ಕಾಗಿಯೇ ಹುಟ್ಟಿದವರಂತೆ ಎದ್ದು ನಿಂತರು. ಚಕ್ಕೆ ಬಿದ್ದದ್ದು, ತಟ್ಟೆ ಸದ್ದಾದದ್ದು, ಬೈಗುಳ, ಹುಡುಗ ಎದ್ದುಹೋದದ್ದು ಎಲ್ಲವನ್ನೂ ಅಭಿನಯಿಸಿ ತೋರಿಸಿದರು. “ಆ ಮನೆಯಲ್ಲಿ ಆ ಹುಡುಗನ ಹೆಸರೆತ್ತೋ ಹಾಗಿಲ್ಲ ಮೇಡಂ. ಅಷ್ಟು ದ್ವೇಷ.”

“ಅದು ಹಳೇ ಕತೆ. ಆಮೇಲೆ ರಾಜಿ ಆಗಿರಬಹುದಲ್ಲ? ಇವತ್ತು ಅವರು ಭಾವಾ ಭಾವಾ ಅಂತ ಕರೀತಿದ್ದಿದ್ದು ನನಗೂ ಕೇಳಿಸ್ತು.”

ಗೆಲುವು ಕೈಜಾರುತ್ತಿದೆ ಎನಿಸಿ ನಿರ್ದೇಶಕರು ದನಿ ಏರಿಸಿದರು. “ರಾಜಿಯಾ? ಅವನ ಜೊತೆನಾ? ಮುಖ ಕಂಡ್ರೆ ಆಗಲ್ಲ ಮೇಡಂ ನನಗೆ. ಮೋಸಗಾರ ಅವನು. ನೀರಿಗೆ ಒಂದಿಷ್ಟು ಹಸಿರು ಕಲಸಿ ಮಾರೋನು. ಅವನಿಗೆ ಗುತ್ತಿಗೆ ತಪ್ಪಿಸ್ಬೇಕು ಅಂತಾನೇ ನಾನು ಆ ಸಭೆಗೆ ಕೂತಿದ್ದು!” ಮಾತು ಇಳಿಜಾರಿನ ಬಂಡಿಯಾಗಿತ್ತು, ನಿಲ್ಲಿಸಲಾಗಲಿಲ್ಲ. “ಅವನು ಸತ್ತರೂ ನೋಡೋಕೆ ಹೋಗಲ್ಲ ನಾನು!”

ಆ ಕೊನೆಯ ಮಾತು ಅವರ ಮನಸ್ಸಿನಲ್ಲಿ ಇದ್ದದ್ದೇ ಅಲ್ಲ. ಎಲ್ಲಿಂದ ಬಂತೋ ಅವರಿಗೇ ಗೊತ್ತಾಗಲಿಲ್ಲ. ಅಡ್ಡಗೋಡೆಯ ಆಚೆ ಬೆಂಚು ಕಿರ್ ಎಂದಿತು.

“ಮುಂದಿನ ಸಾಕ್ಷಿ” ಎಂದರು ನ್ಯಾಯಾಧೀಶೆ.

ಭಾವಮೈದುನ ಒಳಗೆ ಬಂದ. ಅವನ ಹಿಂದೆ, ಸೆರಗನ್ನು ಬಾಯಿಗೆ ಒತ್ತಿಕೊಂಡು ನಿರ್ದೇಶಕರ ಹೆಂಡತಿ.

“ನಿಮಗೂ ನಿರ್ದೇಶಕರಿಗೂ ಏನು ಸಂಬಂಧ?”

“ಆಚೆ ಕೂತು ಕೇಳಿಸ್ಕೊಂಡೆ ಮೇಡಂ. ಅವರು ಹೇಳಿದ್ದೇ ಸರಿ. ಏನೂ ಇಲ್ಲ.”

“ಮತ್ತೆ ಅಷ್ಟು ಕಡಿಮೆ ದರ ಯಾಕೆ ಹೇಳಿದ್ರಿ? ನಷ್ಟ ಆಗಲ್ವಾ?”

“ಲಾಭಕ್ಕೆ ಬರಲಿಲ್ಲ ಮೇಡಂ. ಇವರು ದಿನಾ ಓಡಾಡೋ ಜಾಗ ಇದು. ನನ್ನ ಬಣ್ಣ ವರ್ಷಗಟ್ಟಲೆ ಚಕ್ಕೆ ಏಳದೆ ನಿಂತಿದ್ದನ್ನ ಇವರು ನೋಡ್ತಾ ಇರಬೇಕು ಅಂತ ಆಸೆ ಇತ್ತು. ಆಗಲಾದ್ರೂ ಮನೆಗೆ ಬಾ ಅಂತಾರೇನೋ ಅಂತ. ಬೆಳಿಗ್ಗೆ ಅಕ್ಕ ಅಳ್ತಾ ಫೋನ್ ಮಾಡಿದ್ಲು. ಭಾವಂಗೆ ತೊಂದರೆ ಆಗೋದಾದ್ರೆ ಗುತ್ತಿಗೆ ವಾಪಸ್ ಕೊಟ್ಟುಬಿಡೋಣ ಅಂತ ಅವಳನ್ನೂ ಕರ್ಕೊಂಡು ಬಂದೆ. ಅದನ್ನೇ ಹೇಳೋಣ ಅಂತ ಕೂಗ್ತಿದ್ದೆ, ಸಿಗಲಿಲ್ಲ.”

ಮೇಷ್ಟ್ರು ಮೆಲ್ಲಗೆ ಕೂತರು. ನ್ಯಾಯಾಧೀಶೆ ಕನ್ನಡಕ ತೆಗೆದು ಒರೆಸಿ ಮತ್ತೆ ಇಟ್ಟುಕೊಂಡರು.

“ಭಾವಮೈದುನನಿಗೆ ಅನುಕೂಲ ಮಾಡಿಕೊಟ್ಟರು ಅನ್ನೋ ಆರೋಪಕ್ಕೆ ಆಧಾರ ಇಲ್ಲ. ಇಬ್ಬರ ನಡುವೆ ವೈರ ಇರೋದು ನಿಜ” ಎಂದರು.

ನಿರ್ದೇಶಕರು ದೊಡ್ಡ ಉಸಿರು ಬಿಟ್ಟು ಕುರ್ಚಿಗೆ ಒರಗಿದರು. ಹಸಿರು ಅಲ್ಲಿಗೂ ಹತ್ತಿತು.

“ಆದರೆ ನನ್ನದೊಂದು ಪ್ರಶ್ನೆ. ಇಷ್ಟು ವೈರ ಇಟ್ಕೊಂಡು ಆ ಸಭೆಯಲ್ಲಿ ಯಾಕೆ ಕೂತ್ರಿ?”

ನಿರ್ದೇಶಕರು ಮೇಷ್ಟ್ರ ಮುಖ ನೋಡಿದರು.

“ನೆಂಟ ಅಂತ ಕೊಡಿಸೋದು ಎಷ್ಟು ತಪ್ಪೋ, ನೆಂಟನ ಮೇಲಿನ ಸಿಟ್ಟಿಗೆ ತಪ್ಪಿಸೋಕೆ ಹೋಗೋದೂ ಅಷ್ಟೇ ತಪ್ಪು. ಎದ್ದು ಹೋಗಬೇಕು ಅನ್ನೋ ನಿಯಮ ಎರಡಕ್ಕೂ ಇರೋದು. ಕಡಿಮೆ ದರ ಹೇಳಿದ ವ್ಯಾಪಾರಿಯನ್ನ ಹಾಳು ಮಾಡೋಕೆ ಹುದ್ದೆ ಬಳಸಿದ್ದನ್ನ ನೀವೇ ಒಪ್ಕೊಂಡಿದೀರಿ. ಅವರ ಗುತ್ತಿಗೆ ಮುಂದುವರೀಲಿ. ನಿಮ್ಮನ್ನ ಹುದ್ದೆಯಿಂದ ತೆಗೀಬೇಕು ಅಂತ ಶಿಫಾರಸು ಮಾಡ್ತೀನಿ.”

“ಮೇಡಂ, ನಿಜ ಹೇಳ್ಬೇಕಂದ್ರೆ…” ನಿರ್ದೇಶಕರು ಎದ್ದು ನಿಂತರು. “ಅಷ್ಟೆಲ್ಲಾ ದ್ವೇಷ ಇರಲಿಲ್ಲ ಮೇಡಂ. ಬರೀ ಹಟ. ಒಳಗೆ ಪ್ರೀತೀನೇ ಇತ್ತು.”

“ನಿಮ್ಮ ಸಾಕ್ಷಿ ಬೇರೆ ಹೇಳಿದ್ರಲ್ಲ.”

“ಸುಳ್ಳು ಹೇಳೋನಲ್ಲ ಮೇಡಂ ನಾನು” ಎಂದರು ಮೇಷ್ಟ್ರು, ಮತ್ತೆ ಎದ್ದು ನಿಂತು.

ಹೌದಪ್ಪ “ಹೌದು ಮೇಡಂ” ಎಂದ.

ಹೊರಗೆ ಬಂದಾಗ ಪತ್ರಕರ್ತರು ಆಗಲೇ ಚದುರಿದ್ದರು. ಮೆಟ್ಟಿಲ ಕೆಳಗೆ ಹೆಂಡತಿ ತಮ್ಮನ ಜೊತೆ ನಿಂತಿದ್ದರು. “ಅವನು ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಅವನ ಮನೆಗೆ ಹೋಗಿ ಬರ್ತೀನಿ. ನಿಮ್ಮ ಊಟ ಒಲೆ ಮೇಲಿದೆ, ಬಿಸಿ ಮಾಡ್ಕೊಳ್ಳಿ” ಎಂದರು, ಗಂಡನ ಮುಖ ನೋಡದೆ.

ಹುದ್ದೆ ಹೋಗಲಿದೆ ಎಂಬುದು ನಿರ್ದೇಶಕರಿಗೆ ಆ ಕ್ಷಣದಲ್ಲಿ ನೆನಪೇ ಇರಲಿಲ್ಲ. ಈಗ ಕ್ಯಾಮರಾ ಇಲ್ಲ, ವಿಚಾರಣೆ ಇಲ್ಲ, ಕಳೆದುಕೊಳ್ಳಲು ಏನೂ ಉಳಿದಿಲ್ಲ. ಗಂಟಲು ಸರಿಮಾಡಿಕೊಂಡು ಎರಡು ಮೆಟ್ಟಿಲು ಇಳಿದರು.

“ನೋಡಯ್ಯಾ… ಸ್ವಲ್ಪ ನಿಲ್ಲು” ಎಂದರು.

ಭಾವಮೈದುನ ನಿಂತ. ತಿರುಗಿದ. ಅಂಗಡಿಗೆ ಬಂದ ಗಿರಾಕಿಯ ಎದುರು ನಿಲ್ಲುವ ಹಾಗೆ ಕೈ ಕಟ್ಟಿಕೊಂಡು, ತುಂಬಾ ಮರ್ಯಾದೆಯಿಂದ ಕೇಳಿದ.

“ಹೇಳಿ ಸಾರ್.”