ಎಲೆಕ್ಟ್ರಿಕಲ್ ಇಂಜಿನಿಯರನ ವ್ಯಾನು

ಕಲಿತ ವಿದ್ಯೆ ಎಂದೂ ಕೈಬಿಡುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ. ನಿಜ. ನಾವಾಗಿ ಬಿಟ್ಟು ಓಡಿ ಬಂದರೂ ಅದು ಸಮುದ್ರ ದಾಟಿ ಹಿಂದೆಯೇ ಬಂದು ಮಾನ ತೆಗೆಯುತ್ತದೆ. ನಾನು ಮೈಸೂರಿನಲ್ಲಿ ನಾಲ್ಕು ವರ್ಷ, ನಿಜ ಹೇಳಬೇಕೆಂದರೆ ಐದು ವರ್ಷ, ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿದವನು. ಲ್ಯಾಬಿನಲ್ಲಿ ವೈರು ಜೋಡಿಸುವ ಕೆಲಸವನ್ನು ಪಕ್ಕದವನಿಗೆ ಬಿಟ್ಟು, ಮೀಟರಿನ ಮುಳ್ಳು ಎಲ್ಲಿರಬೇಕಿತ್ತೋ ಅಲ್ಲೇ ಇದೆ ಎಂದು ರೆಕಾರ್ಡಿನಲ್ಲಿ ಬರೆಯುವುದು ನನ್ನ ಪಾಲಿಗೆ ಬಂದಿತ್ತು. ಆಮೇಲೆ ಸಾಫ್ಟ್‌ವೇರು, ಸಿಡ್ನಿ, ಇಲ್ಲೇ ನೆಲೆಸಲು ಪಿಆರ್. ಈಗ ನಾರ್ವೆಸ್ಟ್‌ನ ಆಫೀಸೊಂದರಲ್ಲಿ ಕೂತು ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುತ್ತೇನೆ. ಕರೆಂಟೆಂದರೆ ನನಗೆ ಇವತ್ತಿಗೂ ಒಳಗೊಳಗೇ ಭಯ. ಆದರೆ ಕ್ವೇಕರ್ಸ್ ಹಿಲ್ಲಿನ ನಮ್ಮ ಬೀದಿಯವರಿಗೆಲ್ಲ ನನ್ನ ಹೆಂಡತಿ ವಸುಧಾ "ನಮ್ಮೋರು ಎಲೆಕ್ಟ್ರಿಕಲ್ ಇಂಜಿನಿಯರು" ಎಂದು ಹೇಳಿಬಿಟ್ಟಿದ್ದಾಳೆ. ಆ ಹೆಸರನ್ನು ಉಳಿಸಿಕೊಳ್ಳುವುದೇ ನನಗೊಂದು ಪಾರ್ಟ್‌ಟೈಮ್ ಕೆಲಸವಾಗಿದೆ.

ನಮ್ಮ ಮನೆಯಲ್ಲೊಂದು ಹಳೇ ವ್ಯಾನಿದೆ. ಕ್ಯಾಂಪಿಂಗಿಗೆ ಎಂದು ಸೆಕೆಂಡ್ ಹ್ಯಾಂಡಿನಲ್ಲಿ ತಂದದ್ದು. ಕ್ಯಾಂಪಿಂಗಿಗೆ ಹೋದದ್ದು ಒಂದೇ ಸಲ, ಅದೂ ಸೊಳ್ಳೆ ತಡೆಯಲಾರದೆ ಊಟಕ್ಕೆ ಮುಂಚೆಯೇ ವಾಪಸ್ಸು ಬಂದೆವು. ಅಲ್ಲಿಂದೀಚೆಗೆ ಅದು ಯುಗಾದಿ, ದೀಪಾವಳಿಗೆ ಅವರಿವರ ಮನೆಯ ಪಾತ್ರೆಗಳನ್ನು ಹೊರುತ್ತ ಕಾಲ ಕಳೆಯುತ್ತಿತ್ತು. ಈ ವರ್ಷ ಮಗಳು ಅನನ್ಯಾಗೆ ಮೆಲ್ಬರ್ನ್‌ನಲ್ಲಿ ಕಾಲೇಜು ಸೀಟು ಸಿಕ್ಕಿದಾಗ ವ್ಯಾನಿನ ಅದೃಷ್ಟ ಖುಲಾಯಿಸಿತು. ಸಾಮಾನು ಸಾಗಿಸಲು ಜನರನ್ನು ಬುಕ್ ಮಾಡೋಣ ಎಂದಳು ವಸುಧಾ. ನಾನು ಒಪ್ಪಲಿಲ್ಲ. ಕಾರಣವನ್ನು ನಿಮಗೆ ಮಾತ್ರ ಹೇಳುತ್ತೇನೆ. ಹೈಸ್ಕೂಲಿಗೆ ಹೋದಂದಿನಿಂದ ಮಗಳು ನನ್ನ ಜೊತೆ ಆಡುವ ಮಾತು "ಓಕೆ", "ಫೈನ್", "ವೈಫೈ ಹೋಗಿದೆ" ಎಂಬ ಮೂರಕ್ಕೆ ಇಳಿದಿತ್ತು. ಮೆಲ್ಬರ್ನ್‌ಗೆ ಒಂಬತ್ತು ಗಂಟೆಯ ದಾರಿ. ಒಂಬತ್ತು ಗಂಟೆ ಅವಳು ನನ್ನ ಪಕ್ಕದಲ್ಲೇ ಕೂತಿರುತ್ತಾಳೆ, ಎದ್ದು ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುವಂತಿಲ್ಲ. ನನಗೆ ಬೇಕಾಗಿದ್ದದ್ದು ಅದೇ. ವಸುಧಾ ಮಾತ್ರ "ಆ ಡಬ್ಬದಲ್ಲಿ ಕೂತ್ರೆ ನನ್ನ ಸೊಂಟ ನನ್ನದಾಗಿ ಉಳಿಯಲ್ಲ, ನಾನು ಫ್ಲೈಟಲ್ಲಿ ಬಂದು ಒಂದು ವಾರ ಅವಳ ಜೊತೆ ಇರ್ತೀನಿ" ಎಂದಳು. ನಾನೇನೂ ಬಲವಂತ ಮಾಡಲಿಲ್ಲ.

ಶನಿವಾರ ಹೊರಡಬೇಕು, ಮಂಗಳವಾರ ವ್ಯಾನಿಗೆ ಮೈಮೇಲೆ ಬಂತು. ಬ್ರೇಕು ಒತ್ತಿದರೆ ಇಂಡಿಕೇಟರ್ ಮಿಣುಕುತ್ತದೆ. ಹೆಡ್‌ಲೈಟ್ ಹಾಕಿದರೆ ರೇಡಿಯೋ ಪ್ರಾಣ ಬಿಡುತ್ತದೆ, ಪೆಟ್ರೋಲಿನ ಮುಳ್ಳು ತಾನಾಗಿ ಮೇಲೇರುತ್ತದೆ. ಕೀ ತಿರುಗಿಸಿದರೆ ಒಮ್ಮೆ ಸ್ಟಾರ್ಟ್ ಆಗುತ್ತದೆ, ಮೂರು ಸಲ ಟಿಕ್ ಎಂದು ಸುಮ್ಮನಾಗುತ್ತದೆ. "ಮೆಕ್ಯಾನಿಕ್ ಹತ್ರ ಬಿಡಿ" ಎಂದಳು ವಸುಧಾ. ಎಲೆಕ್ಟ್ರಿಕಲ್ ಇಂಜಿನಿಯರು ಕರೆಂಟಿನ ತೊಂದರೆಗೆ ಮೆಕ್ಯಾನಿಕ್ ಹತ್ತಿರ ಹೋಗುವುದೇ? ಆಫೀಸಿನಲ್ಲಿ ಕಲಿತ ವಿದ್ಯೆಯನ್ನೆಲ್ಲ ಪ್ರಯೋಗಿಸಿದೆ. ಮೊದಲು ಆಫ್ ಮಾಡಿ ಆನ್ ಮಾಡಿದೆ. ಆಮೇಲೆ ಲಕ್ಷಣಗಳನ್ನೆಲ್ಲ ಪಟ್ಟಿ ಮಾಡಿ, ಒಂದೊಂದಕ್ಕೂ ನಂಬರು ಕೊಟ್ಟೆ. ಹೊಸ ಬ್ಯಾಟರಿ ತಂದು ಹಾಕಿದೆ. ಮಲ್ಟಿಮೀಟರ್ ಕೊಂಡು ಅದರ ಎರಡು ಕಡ್ಡಿಗಳನ್ನು ಡಾಕ್ಟರರ ಹಾಗೆ ಅಲ್ಲಲ್ಲಿ ಒತ್ತಿ ಹಿಡಿದು "ಹೂಂ" ಎಂದೆ. ಅನನ್ಯಾ ಕಿಟಕಿಯಿಂದ ಇಣುಕಿ, "ಅಪ್ಪ, ಡು ಯು ಆಕ್ಚುಲಿ ನೋ ವಾಟ್ ಯು ಆರ್ ಡೂಯಿಂಗ್?" ಎಂದಳು. ವರ್ಷದಲ್ಲಿ ಅವಳು ನನ್ನ ಮೇಲೆ ಖರ್ಚು ಮಾಡಿದ ಅತಿ ಉದ್ದದ ವಾಕ್ಯ ಅದು.

ಶುಕ್ರವಾರ ಸಂಜೆ ಎದುರು ಮನೆಯ ಬಸವರಾಜ ಬಂದ. ಗದಗಿನ ಕಡೆಯವನು, ಬಿಎ ಹಿಸ್ಟರಿ, ಇಲ್ಲಿ ಬಸ್ ಓಡಿಸುತ್ತಾನೆ. ಅವನನ್ನು ಕೇಳಬೇಕೆಂದು ಬುಧವಾರವೇ ಅನಿಸಿತ್ತು. ಆದರೆ ಹಿಂದಿನ ತಿಂಗಳಷ್ಟೇ ಅವನ ಮನೆಯ ಡೋರ್‌ಬೆಲ್ಲಿನ ಮುಂದೆ ನಿಂತು ಓಮನ ನಿಯಮದ ಬಗ್ಗೆ ಅರ್ಧ ಗಂಟೆ ಭಾಷಣ ಮಾಡಿದ್ದೆ.

"ಏನ್ರೀ ಸರ್, ನಾಕ್ ದಿನ ಆತು, ಬಾನೆಟ್ ಎತ್ತೇ ನಿಂತೀರಲ್ಲ?" ಎಂದ. ಹೇಳಿದೆ. ಅವನು ಕೈಯಲ್ಲಿದ್ದ ಚಹಾದ ಲೋಟವನ್ನೂ ಕೆಳಗಿಡದೆ, "ಅರ್ಥ್ ನೋಡೀರೇನ್ರಿ?" ಎಂದ.

ಬ್ಯಾಟರಿಯಿಂದ ಹೊರಟ ಕರೆಂಟು ಗಾಡಿಯ ಕಬ್ಬಿಣದ ಮೈ ಹಿಡಿದು ಬ್ಯಾಟರಿಗೇ ಮರಳಬೇಕು. ಮೈಗೂ ಬ್ಯಾಟರಿಗೂ ನಡುವೆ ಇರುವ ಒಂದು ದಪ್ಪ ವೈರು, ಒಂದು ಬೋಲ್ಟು, ಅದೇ ಅರ್ಥ್. ಅಲ್ಲಿ ದಾರಿ ಕಟ್ಟಿದರೆ ಕರೆಂಟು ಸಿಕ್ಕ ಸಿಕ್ಕ ಸಂದಿಯಲ್ಲಿ ನುಗ್ಗುತ್ತದೆ. ಇದು ಎರಡನೇ ಸೆಮಿಸ್ಟರಿನ ಪಾಠ. ಬಸವರಾಜ ಸ್ಪ್ಯಾನರ್ ಹಾಕಿ ಬೋಲ್ಟು ಬಿಚ್ಚಿದ. ಕೆಳಗೆ ತುಕ್ಕು, ತುಕ್ಕಿನ ಮೇಲೆ ಗಟ್ಟಿಯಾದ ಗಂಧ, ಕುಂಕುಮ, ಅದರಲ್ಲಿ ಕಚ್ಚಿಕೊಂಡ ಮೂರು ಅಕ್ಷತೆ ಕಾಳು.

ಹಿಂದಿನ ಆಯುಧಪೂಜೆಯ ದಿನ ಎಲ್ಲರೂ ಬಾನೆಟ್ಟಿಗೆ ಕುಂಕುಮವಿಟ್ಟು ಚಕ್ರದಡಿ ನಿಂಬೆಹಣ್ಣು ಇಟ್ಟರೆ, ಇಂಜಿನಿಯರಾದ ನಾನು, ಗಾಡಿಯ ನಿಜವಾದ ಶಕ್ತಿ ಇರುವುದು ಬ್ಯಾಟರಿಯಲ್ಲಿ ಎಂದು ವಸುಧಾಗೆ ಉಪದೇಶ ಮಾಡಿ, ಇದೇ ಬೋಲ್ಟು ಬಿಚ್ಚಿ, ಫಳಫಳ ಉಜ್ಜಿ, ಆ ಹೊಳೆಯುವ ಜಾಗಕ್ಕೇ ಗಂಧಾಕ್ಷತೆ ಏರಿಸಿ, ಮೇಲೆ ಬೋಲ್ಟು ಬಿಗಿದಿದ್ದೆ. ಪೂಜೆ ನಿಧಾನವಾಗಿ ಫಲ ಕೊಟ್ಟಿತ್ತು.

"ಸರ್, ಪೂಜಾ ಬೋಲ್ಟಿನ ಮ್ಯಾಲ ಮಾಡ್ಬೇಕ್ರಿ, ಬುಡಕ್ಕಲ್ಲ" ಎಂದ ಬಸವರಾಜ, ನಗದೆ. ಅವನು ನಕ್ಕಿದ್ದರೆ ವಾಸಿಯಿತ್ತು. ಆ ಕೊರತೆಯನ್ನು ವಸುಧಾ ತುಂಬಿಕೊಟ್ಟಳು.

ಶನಿವಾರ ಬೆಳಿಗ್ಗೆ ವ್ಯಾನು ಮದುಮಗನ ಹಾಗೆ ಹೊರಟಿತು. ಎಲ್ಲವೂ ಸರಿಯಾಗಿತ್ತು. ತೊಂದರೆಯೇ ಅದು. ಮೊಬೈಲ್ ಚಾರ್ಜರೂ ಸರಿಯಾಗಿತ್ತು. ಅನನ್ಯಾ ಫೋನನ್ನು ಅದಕ್ಕೆ ಸಿಕ್ಕಿಸಿ, ಕಿವಿಗೆ ಇಯರ್‌ಫೋನ್ ಹಾಕಿ, ಗೋಲ್ಬರ್ನ್‌ವರೆಗೆ ಎರಡು ಗಂಟೆ ನನ್ನ ಕಡೆ ತಿರುಗಲಿಲ್ಲ. ಇದಕ್ಕೋಸ್ಕರ ನಾನು ನಾಲ್ಕು ದಿನ ಮರ್ಯಾದೆ ಕಳೆದುಕೊಂಡೆನೇ ಎಂದು ಹೊಟ್ಟೆ ಉರಿಯಿತು. ಪೆಟ್ರೋಲ್ ಬಂಕಿನಲ್ಲಿ ಅವಳು ಕಾಫಿ ತರಲು ಇಳಿದಳು. ನಾನು ಸ್ಟಿಯರಿಂಗ್ ಕೆಳಗಿನ ಫ್ಯೂಸ್ ಡಬ್ಬಿ ತೆರೆದೆ. ಮುಚ್ಚಳದ ಮೇಲಿನ ಅಕ್ಷರಗಳೆಲ್ಲ ಅಳಿಸಿಹೋಗಿದ್ದವು. ಲೆಕ್ಕ ಹಾಕಿ, ಚಾರ್ಜರಿನ ಫ್ಯೂಸು ಇದೇ ಎಂದು ಒಂದನ್ನು ಕಿತ್ತು ಜೇಬಿಗೆ ಹಾಕಿಕೊಂಡೆ. ತಲೆ ಎತ್ತಿದರೆ ಎರಡು ಕಾಫಿ ಹಿಡಿದು ಅವಳು ಕಿಟಕಿಯ ಹತ್ತಿರ ನಿಂತಿದ್ದಳು.

"ಏನ್ಮಾಡ್ತಿದೀಯ?"

"ಸುಮ್ನೆ, ಚೆಕಿಂಗು."

ಸ್ವಲ್ಪ ದೂರ ಹೋದ ಮೇಲೆ ಅವಳು ಫೋನು ನೋಡಿ, "ಅಪ್ಪ, ಇಟ್ಸ್ ನಾಟ್ ಚಾರ್ಜಿಂಗ್" ಎಂದಳು. "ಹಳೇ ಗಾಡಿ ಪುಟ್ಟಾ, ಏನ್ ಮಾಡೋದು" ಎಂದೆ. ಅವಳು ಫೋನನ್ನು ಬ್ಯಾಗಿನೊಳಗೆ ಹಾಕಿ, ಜಿಪ್ ಎಳೆದು, ಕಾಲು ಮಡಚಿ ಕೂತಳು. ಆಮೇಲೆ ಏಳು ಗಂಟೆ ಮಾತಾಡಿದಳು. ಆರನೇ ಕ್ಲಾಸಿನಲ್ಲಿ ಚಿತ್ರಾನ್ನವನ್ನೆಲ್ಲ ಮ್ಯಾಗ್‌ಪೈ ಹಕ್ಕಿಗಳಿಗೆ ಹಾಕುತ್ತಿದ್ದದ್ದು, ಹೊಸ ಊರಿನಲ್ಲಿ ಯಾರೂ ಫ್ರೆಂಡ್ ಆಗದಿದ್ದರೆ ಎಂಬ ಹೆದರಿಕೆ, ಎಲ್ಲ. ನಾನು ದಾರಿಯುದ್ದಕ್ಕೂ ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಡಿಗ್ರಿ ಒಮ್ಮೆಯಾದರೂ ಕೆಲಸಕ್ಕೆ ಬಂತಲ್ಲ ಎಂದು ಕಣ್ಣಲ್ಲಿ ನೀರು ಬಂತು.

ಮಾರನೆಯ ದಿನ ಅಮ್ಮ ಮಗಳನ್ನು ಅಲ್ಲಿ ಬಿಟ್ಟು ಒಬ್ಬನೇ ಹೊರಟೆ. ಆಲ್ಬರಿ ದಾಟುವಾಗ ಮಳೆ ಹನಿಯಿತು. ವೈಪರ್ ಹಾಕಿದೆ. ಅಲುಗಲಿಲ್ಲ. ಮತ್ತೆ ಹಾಕಿದೆ, ಇಲ್ಲ. ಗಾಡಿಯನ್ನು ರಸ್ತೆ ಪಕ್ಕಕ್ಕೆ ನಿಲ್ಲಿಸಿ, ಏನೋ ಹೊಳೆದಂತಾಗಿ, ನನ್ನ ಫೋನನ್ನು ಚಾರ್ಜರಿಗೆ ಸಿಕ್ಕಿಸಿದೆ. ಕಿತ್ತ ಫ್ಯೂಸು ಇನ್ನೂ ಜೇಬಿನಲ್ಲೇ ಇತ್ತು, ಆದರೂ ಕೂಡಲೇ ಟಿಂಗ್ ಎಂದು ಚಾರ್ಜ್ ಆಗತೊಡಗಿತು. ನಾನು ಕಿತ್ತದ್ದು ವೈಪರಿನ ಫ್ಯೂಸು. ಚಾರ್ಜರು ಸರಿಯಿದೆ ಎಂದು ಮಗಳಿಗೆ ಏಳು ಗಂಟೆಯೂ ಗೊತ್ತಿತ್ತು.