ನಮ್ಮತ್ತೆಯ ಸೂಜಿ ಪಾಠ

ನಿಗಡಿಯೆಂಬ ಈ ಮರಾಠಿ ಊರಿನಲ್ಲಿ ನನ್ನ ಸೋದರತ್ತೆಯ ಕೈಯಿಂದ ಸೂಜಿ ಚುಚ್ಚಿಸಿಕೊಳ್ಳದೆ ಉಳಿದಿರುವುದು ನಮ್ಮ ಓಣಿಯ ನಾಯಿ ಮಾತ್ರ. ಅದೂ ಅವಳು ಬರುವುದನ್ನು ಕಂಡರೆ ಬೇರೆ ಹಾದಿ ಹಿಡಿಯುತ್ತದೆ.

ಅತ್ತೆ ನರ್ಸಿಂಗ್ ಕಾಲೇಜಿನಲ್ಲಿ ಮಕ್ಕಳ ಆರೈಕೆಯ ಪಾಠ ಹೇಳುತ್ತಾಳೆ. ನನ್ನ ಗ್ರಹಚಾರಕ್ಕೆ ನಾನು ಅವಳದೇ ವಿದ್ಯಾರ್ಥಿನಿ. ಮಕ್ಕಳ ಸಕ್ಕರೆ ಕಾಯಿಲೆಯ ಪಾಠ ಬಂದ ದಿನ ಅವಳು ಪುಸ್ತಕ ತೆರೆಯಲೇ ಇಲ್ಲ. ಒಬ್ಬೊಬ್ಬರ ಕೈಗೂ ಹೊಸ ಸೂಜಿ, ಸಿರಿಂಜಿನಲ್ಲಿ ಉಪ್ಪುನೀರು. ನಿಮ್ಮ ಹೊಟ್ಟೆಗೆ ನೀವೇ ಚುಚ್ಚಿಕೊಳ್ಳಿ ಎಂದು ಮರಾಠಿಯಲ್ಲಿ ಅಪ್ಪಣೆಯಾಯಿತು. ಬೈಗುಳ ಮಾತ್ರ ನನಗೊಬ್ಬಳಿಗೇ, ಕನ್ನಡದಲ್ಲಿ. ಇನ್ಸುಲಿನ್ ಬಗ್ಗೆ ಪರೀಕ್ಷೆಯಲ್ಲಿ ಮೂರು ಪುಟ ಬರೆದವಳು ನಾನು; ಸೂಜಿ ಹಿಡಿದು ಹತ್ತು ನಿಮಿಷ ಕೂತೆ.

"ಮೂರು ಪುಟ ಬರದಾಕಿಗೆ ಆರು ಮಿಲಿಮೀಟರ್ ಸೂಜಿ ಚುಚ್ಚಾಕ ಆಗವಲ್ದೇನು?"

"ಅಂಜಿಕಿ ಬರ್ತದ ಅತ್ತಿ."

"ಬರಲಿ. ಚುಚ್ಚು."

ಚುಚ್ಚಿಕೊಂಡೆ. ಸಾಯಲಿಲ್ಲ. ಆಮೇಲೆ ಇನ್ನೊಂದು ಕಟ್ಟಳೆ ಬಂತು: ಎರಡು ದಿನ, ಊಟಕ್ಕೆ ಮೊದಲು ಪ್ರತಿ ಸಲವೂ ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡಬೇಕು. ಈ ಕಟ್ಟಳೆ ಅತ್ತೆಯ ಮನೆಗೂ ಅನ್ವಯವಾಗುತ್ತಿತ್ತು. ಅವತ್ತು ಅಲ್ಲಿ ಹೋಳಿಗೆ. ಅವಳ ಗಂಡ, ನನ್ನ ಮಾಮ, ಎಲೆಯ ಮುಂದೆ ಬೆರಳು ಚಾಚಿಕೊಂಡು ಕೂತು ಗೊಣಗಿದ: "ನಾ ಯಾವ ಕಾಲೇಜು ಸೇರೀನಿ?"

"ಲಗ್ನದ ದಿನಾನ ಅಡ್ಮಿಷನ್ ಆಗ್ಯದ, ಬೆರಳು ತರ್ರಿ."

ಇಂಥ ಅತ್ತೆಯ ಹಿಂದೆ ಒಂದು ಮಧ್ಯಾಹ್ನ ಮಕ್ಕಳ ವಾರ್ಡಿಗೆ ಹೋದೆ. ಅಲ್ಲಿ ಏಳು ವರ್ಷದ ಹುಡುಗಿ ಇದ್ದಳು. ಖರಾಡಿಯಲ್ಲಿ ಕಟ್ಟಡದ ಕೆಲಸಕ್ಕೆ ಬಂದ ಯಾದಗಿರಿ ಕಡೆಯವರ ಮಗಳು. ಮರುದಿನ ಮನೆಗೆ ಹೊರಡಬೇಕು. ಮನೆಯಲ್ಲಿ ಇನ್ಸುಲಿನ್ ಕೊಡಬೇಕಾದವಳು ತಾಯಿ. ಇಟ್ಟಿಗೆ ಹೊತ್ತು ಗಟ್ಟಿಯಾದ ಕೈಗಳನ್ನು ಆಕೆ ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದಳು.

"ಇಕಿ ಮ್ಯಾಲ ಒಂದಿನಾನೂ ಕೈ ಎತ್ತಿಲ್ರಿ. ಸೂಜಿ ಹೆಂಗ ಚುಚ್ಚಲಿ?"

ಅತ್ತೆ ಬೈಯುತ್ತಾಳೆಂದು ನಾನು ಕಾದೆ. ಅವಳು ಕುರ್ಚಿ ಎಳೆದುಕೊಂಡು ಕೂತು ತೋಳು ಮೇಲೇರಿಸಿದಳು.

"ಮೊದ್ಲ ನನಗ ಚುಚ್ರಿ ತಂಗಿ. ಬರೇ ಉಪ್ಪುನೀರು ಅದ."

ಮೊದಲ ಸಲ ಸೂಜಿ ಜಾರಿತು. ಎರಡನೆಯದು ಓರೆ ಹೋಗಿ ರಕ್ತ ಬಂತು. ನಾನು ಪ್ರತಿ ಸಲ ಹೊಸ ಸೂಜಿ ಕೊಡುತ್ತಾ ಹೋದೆ. ನಾಲ್ಕನೆಯದು ನೇರವಾಗಿ ಇಳಿಯಿತು.

"ನೋವಾತೇನ್ರಿ ಅಕ್ಕಾರ?"

"ಆತು," ಎಂದಳು ಅತ್ತೆ. "ತಡಕೊಳ್ಳೋ ಅಷ್ಟು."

ಇದನ್ನೆಲ್ಲ ನೋಡುತ್ತಿದ್ದ ಹುಡುಗಿ ತಾನೇ ಅಂಗಿ ಎತ್ತಿ ಹೊಟ್ಟೆ ತೋರಿಸಿದಳು. "ಯವ್ವಾ, ಈಗ ನನಗ."

ಈ ಸಲ ಇನ್ಸುಲಿನ್. ಅತ್ತೆ ಅಳತೆ ನೋಡಿ ತಲೆಯಾಡಿಸಿದಳು. ತಾಯಿ ಚುಚ್ಚಿದಳು. ಸೂಜಿ ಜಾರಲಿಲ್ಲ. ಹುಡುಗಿ ಅಳಲಿಲ್ಲ; ಮಂಚದಿಂದ ಇಳಿದು ಬಂದು ಅತ್ತೆಯ ತೋಳಿನ ಮೇಲಿದ್ದ ಕೆಂಪು ಚುಕ್ಕೆಗಳಿಗೆ ಉಫ್ ಉಫ್ ಎಂದು ಊದಿದಳು.

ಅತ್ತೆ ಮುಖ ಆ ಕಡೆ ತಿರುಗಿಸಿದಳು. "ಏ, ಕೂಸಿನ ಊಟದ ಗಾಡಿ ಬಂತೇನು, ಹೋಗಿ ನೋಡು," ಎಂದು ನನಗೆ ಹೇಳಿದಳು.

ಗಾಡಿ ನಮ್ಮ ಪಕ್ಕದಲ್ಲೇ ನಿಂತಿತ್ತು. ಆದರೂ ನಾನು ಬಾಗಿಲ ತನಕ ಹೋಗಿ, ನಿಧಾನವಾಗಿ ನೋಡಿ ಬಂದೆ.