ಅಪ್ಪ ಉಸಿರೆಳೆಯುವ ಜಾಗ

ವಾಲಗದವರ ಮನೆಯಲ್ಲಿ ಹುಟ್ಟಿ ಡಿಜೆ ಆದವಳು ಫಜೀತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ವಿಳಾಸ ಕೇಳಿಕೊಂಡು ಬರುತ್ತವೆ, ಬಂದ ಮೇಲೆ ಊಟ ಮುಗಿಸಿಯೇ ಹೋಗುತ್ತವೆ.

ನಮ್ಮದು ಹೊಳೆನರಸೀಪುರ. ಅಪ್ಪ ನಾಗಸ್ವರ ಊದುತ್ತಾನೆ. ಪಕ್ಕದಲ್ಲಿ ಕೂತು ಡೋಲು ಬಾರಿಸುವವನು ನನ್ನ ಸೋದರಮಾವ. ನಾನು ಹಾಸನದಲ್ಲಿ ಒಂದು ಟೈಲರ್ ಅಂಗಡಿಯ ಮೇಲಿನ ರೂಮಿನಲ್ಲಿ ಲ್ಯಾಪ್‌ಟಾಪು, ಸ್ಪೀಕರು ಇಟ್ಟುಕೊಂಡು ರೀಮಿಕ್ಸ್ ಮಾಡುತ್ತೇನೆ. ಒಂದು ಕಡೆಯ ರಾಗ ತಂದು ಇನ್ನೊಂದು ಕಡೆಯ ಬೀಟಿಗೆ ಕೂರಿಸುವುದು ನನ್ನ ಕಸುಬು. ಸುತ್ತಮುತ್ತ ಮದುವೆ ಗೊತ್ತಾದರೆ, ಹಿಂದಿನ ಸಂಜೆಯ ರಿಸೆಪ್ಷನ್ನಿಗೆ ಮಗಳು, ಬೆಳಗಿನ ಮುಹೂರ್ತಕ್ಕೆ ಅಪ್ಪ ಎಂದು ಜನ ಇಬ್ಬರಿಗೂ ಒಟ್ಟಿಗೇ ವೀಳ್ಯ ಕೊಟ್ಟು ಹೋಗುತ್ತಾರೆ.

ಅಪ್ಪನಿಗೆ ಇದ್ದದ್ದು ಒಂದೇ ಹಠ. ನನ್ನ ಮದುವೆಯ ಗಟ್ಟಿಮೇಳವನ್ನು ತಾನೇ ಊದಬೇಕು. ನಾನು ಹುಟ್ಟಿದ ದಿನವೇ ಆಸ್ಪತ್ರೆಯ ವರಾಂಡದಲ್ಲಿ ನಿಂತು ಮಾವನಿಗೆ, "ಇವಳ ಮದ್ವೆ ದಿನ ನೀನು ಬ್ಯಾರೆ ಕಡೆ ಒಪ್ಕಬ್ಯಾಡ ಕಣ್ಲಾ" ಎಂದು ಹೇಳಿಬಿಟ್ಟಿದ್ದನಂತೆ. ಮಾವ ತಕ್ಷಣ ಒಪ್ಪಿಕೊಂಡು, ಯಾವ ದಿನ ಎಂದು ಕೇಳಿದನಂತೆ.

ಉಸಿರೆಳೆಯದ ಮನುಷ್ಯ

ಮೊದಲ ಸಲ ಅಪ್ಪನ ನಾಗಸ್ವರವನ್ನು ರೆಕಾರ್ಡ್ ಮಾಡಿದಾಗ ನನಗೆ ಕ್ಲಬ್ಬಿನ ಬೀಟಿನ ಹುಚ್ಚು. ಅಪ್ಪ ಊದಿದ್ದ ಮೋಹನ ರಾಗವನ್ನು ಸಣ್ಣ ಸಣ್ಣ ತುಂಡು ಮಾಡಿದೆ. ನಡುನಡುವೆ ಅವನು ಉಸಿರೆಳೆದುಕೊಂಡ ಜಾಗಗಳನ್ನೆಲ್ಲ ಕತ್ತರಿಸಿ ಬಿಸಾಕಿದೆ. ಉಳಿದದ್ದನ್ನು ಒತ್ತೊತ್ತಾಗಿ ಜೋಡಿಸಿ ಕೆಳಗೆ ಎದೆ ಗುದ್ದುವಂಥ ಬೇಸ್ ಕೊಟ್ಟೆ. ಕೇಳಿಸಬೇಕಲ್ಲ, ಅಪ್ಪನನ್ನು ಹಾಸನಕ್ಕೆ ಕರೆಸಿದೆ.

ಅಪ್ಪ ಕುರ್ಚಿಯ ತುದಿಯಲ್ಲಿ ಕೂತು ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತಿಗೆ ಕತ್ತಿನ ನರ ಉಬ್ಬಿತು, ಮುಖ ಕೆಂಪಾಯಿತು. ಸಂಗೀತದಲ್ಲಿ ಮುಳುಗಿಹೋಗಿದ್ದಾನೆ ಎಂದು ಹಿಗ್ಗಿ ವಾಲ್ಯೂಮ್ ಏರಿಸಿದೆ. ಟ್ರ್ಯಾಕ್ ಮುಗಿದಾಗ ಅಪ್ಪ ಬುಸ್ಸೆಂದು ಉಸಿರು ಬಿಟ್ಟು ಕುರ್ಚಿಗೆ ಒರಗಿದ.

"ಯಾರ್ ಮಗ ಇವ್ನು? ಉಸಿರೇ ಎಳ್ಕಳಾಕಿಲ್ವಲ್ಲ. ಸತ್ತೋಯ್ತೀಯ ಅಂತ ಯೋಳು ಅವನ್ಗೆ."

"ನೀನೇ ಕಣಪ್ಪ ಅದು."

"ನಾನಾಗಿದ್ರೆ ಇಷ್ಟೊತ್ಗೆ ತಿಥಿ ಆಗೋಗಿರೋದು." ಅಪ್ಪ ನೀರು ಕುಡಿದು ಸುಧಾರಿಸಿಕೊಂಡ. "ಅವನ ಜೊತ್ಗೆ ನಾನೂ ಉಸಿರು ಕಟ್ಕಂಡು ಕುಂತಿದ್ದೆ. ಎಲ್ಲಾದ್ರೂ ನಿಲ್ಲುಸ್ತಾನೆ, ಆಗ ಎಳ್ಕಳವ ಅಂತ ಕಾದೆ. ನಿಲ್ಸುದ್ರೆ ತಾನೆ?"

ಬಿಸಾಕಿದ್ದ ತುಂಡುಗಳನ್ನು ಹುಡುಕಿ ತಂದು ಒಂದೊಂದನ್ನೂ ಅದರದರ ಜಾಗಕ್ಕೆ ಕೂರಿಸಿದೆ. ಅಪ್ಪ ಉಸಿರೆಳೆಯುವ ಕಡೆ ಬೀಟನ್ನೂ ಒಂದಿಷ್ಟು ತಡೆದೆ. ಆಗ ಅದು ನಮ್ಮ ಮನೆಯ ಜಗುಲಿಯ ಮೇಲೆ ಕೂತು ಯಾರೋ ಊದುತ್ತಿರುವ ಹಾಗೆ ಕೇಳಿಸಿತು. ರೀಮಿಕ್ಸಿನ ಬಗ್ಗೆ ನಾನು ಯಾವ ವೀಡಿಯೊದಲ್ಲೂ ಕಲಿಯದ ಪಾಠ ಅದು.

ಆ ಟ್ರ್ಯಾಕ್ ಓಡಿದ್ದೇ ಓಡಿದ್ದು. ಕಾಲೇಜು ಹುಡುಗರು ಈಗಲೂ ಬಂದು, "ಅಕ್ಕಾ, ಮಧ್ಯದಲ್ಲಿ ಸುಯ್ ಅಂತದಲ್ಲ, ಅದ್ಯಾವ ಎಫೆಕ್ಟು? ಎಲ್ಲಿ ಡೌನ್‌ಲೋಡ್ ಮಾಡ್ಕೊಬೇಕು?" ಎಂದು ಕೇಳುತ್ತಾರೆ.

"ಅದು ಡೌನ್‌ಲೋಡ್ ಆಗಲ್ಲ ಕಣ್ರೋ. ಹೊಳೆನರಸೀಪುರದಿಂದ ಬಸ್ಸಲ್ಲಿ ಬರುತ್ತೆ" ಎನ್ನುತ್ತೇನೆ.

ಖಾರಾಬೂಂದಿ ಮುಹೂರ್ತ

ಅದೇ ರೆಕಾರ್ಡಿಂಗಿನ ಕೊನೆಗೆ ಅಪ್ಪ ಮತ್ತು ಮಾವ ಸೇರಿ ಒಂದು ಗಟ್ಟಿಮೇಳವನ್ನೂ ಬಾರಿಸಿದ್ದರು. ನನಗೆ ಆಸೆಯಾಯಿತು. ಬೀಟೆಲ್ಲ ನಿಂತು, ಒಂದು ಗಳಿಗೆ ಸದ್ದೇ ಇಲ್ಲದೆ, ಆಮೇಲೆ ಗಟ್ಟಿಮೇಳ ಧುಮುಕಿದರೆ ಹುಡುಗರು ಹುಚ್ಚೆದ್ದು ಕುಣಿಯುತ್ತಾರೆ ಎಂದು ಲೆಕ್ಕ ಹಾಕಿದೆ. ಚನ್ನರಾಯಪಟ್ಟಣದ ಒಂದು ರಿಸೆಪ್ಷನ್ನಿನಲ್ಲಿ ಹಾಕಿಯೂ ಹಾಕಿದೆ.

ಹುಡುಗರು ಕುಣಿಯಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೆಲ್ಲ ಒಟ್ಟಿಗೆ ಎದ್ದು ನಿಂತರು. ಗಟ್ಟಿಮೇಳ ಕೇಳಿದ ಕೈ ಸುಮ್ಮನಿರುತ್ತದೆಯೇ? ಅಕ್ಷತೆ ಇರಲಿಲ್ಲ, ಕೈಯಲ್ಲಿದ್ದದ್ದು ತಿಂಡಿಯ ತಟ್ಟೆ. ಖಾರಾಬೂಂದಿ ಹಿಡಿಹಿಡಿಯಾಗಿ ಸ್ಟೇಜಿನ ಮೇಲೆ ಬಿತ್ತು.

ಸ್ಟೇಜಿನ ಮೇಲೆ ಆಗ ಮದುಮಗಳು ಇರಲಿಲ್ಲ, ಸೀರೆ ಬದಲಾಯಿಸಲು ಹೋಗಿದ್ದಳು. ಮದುಮಗನ ಪಕ್ಕದಲ್ಲಿ ಅವನ ಪೇಟ ಸರಿ ಮಾಡುತ್ತ ಫೋಟೋಗ್ರಾಫರ್ ನಿಂತಿದ್ದ. ಇಬ್ಬರ ತಲೆಯ ಮೇಲೂ ಬೂಂದಿ ಬಿತ್ತು. ಕಣ್ಣು ಮಂಜಾಗಿದ್ದ ಅಜ್ಜಿಯೊಬ್ಬರು ಸ್ಟೇಜು ಹತ್ತಿ ಫೋಟೋಗ್ರಾಫರನ ಕೆನ್ನೆ ಸವರಿ, "ನೂರ್ಕಾಲ ಚಂದಾಗ್ ಬಾಳವ್ವ" ಎಂದು ಹರಸಿದರು. ಆಮೇಲೆ ನನ್ನ ಕಡೆ ತಿರುಗಿ, "ಇವತ್ತೇ ಆಗೋಯ್ತಾ? ನಾಳಿಕೆ ನಾವು ಬರಂಗಿಲ್ವಾ?" ಎಂದು ಕೇಳಿದರು.

ಮರುದಿನ ನಿಜವಾದ ಮುಹೂರ್ತ ಮುಗಿಯುವವರೆಗೆ ಅಪ್ಪ ನನ್ನ ಹತ್ತಿರ ಮಾತಾಡಲಿಲ್ಲ. ಊಟವಾದ ಮೇಲೆ ಪಕ್ಕಕ್ಕೆ ಕರೆದ. ಬೈಯುತ್ತಾನೆ ಎಂದುಕೊಂಡಿದ್ದೆ, ಬೈಯಲಿಲ್ಲ.

"ಮಗ, ಮೋಹನ ತಕೊ, ಕಲ್ಯಾಣಿ ತಕೊ, ನನ್ನ ಉಸಿರೂ ತಕೊ. ಗಟ್ಟಿಮೇಳ ಮಾತ್ರ ಮುಟ್ಬ್ಯಾಡ. ಅದು ನಂದಲ್ಲ."

"ಮತ್ಯಾರ್ದಪ್ಪ?"

"ನಂಬ್ಕಂಡು ಅಕ್ಸತೆ ಆಕ್ತಾರಲ್ಲ, ಅವರ್ದು. ಯಾರಾರ ಸೀನುದ್ರೆ, ಅತ್ರೆ, ಕೆಟ್ಟ ಮಾತಾಡುದ್ರೆ ಆ ಗಳ್ಗೇಲಿ ಕೇಳುಸ್ಬಾರ್ದು ಅಂತ ಅದನ್ನ ಊದೋದು. ಊದುದ್ರೆ ಅಲ್ಲೊಂದು ತಾಳಿ ಬೀಳ್ಬೇಕು. ತಾಳಿ ಇಲ್ದೆ ಊದುದ್ರೆ ಸುಳ್ಳು ಯೋಳ್ದಂಗೆ ಕಣ."

ಆ ಟ್ರ್ಯಾಕನ್ನು ಅಲ್ಲೇ, ಅವನ ಎದುರಿಗೇ ಅಳಿಸಿಹಾಕಿದೆ. ಆ ಫೋಟೋಗ್ರಾಫರನಿಗೆ ಈಗ ಮನೆಯಲ್ಲಿ ಹುಡುಗಿ ನೋಡುತ್ತಿದ್ದಾರೆ. ಎರಡನೇ ಸಂಬಂಧ ಎಂದು ಮೊದಲೇ ಹೇಳಿಬಿಡಿ ಎಂದು ಆ ಅಜ್ಜಿ ಎಚ್ಚರಿಸಿದ್ದಾರಂತೆ.

ಗೆಜ್ಜೆ ಇದೆ, ಹಾಲಿಲ್ಲ

ಅಲ್ಲಿಂದಾಚೆ ನನ್ನದೊಂದು ನೇಮ. ಯಾವ ಸದ್ದು ಬೇಕಾದರೂ ಅದರ ಯಜಮಾನರನ್ನು ಕೇಳಿಯೇ ತೆಗೆದುಕೊಳ್ಳುವುದು. ಒಮ್ಮೆ ಅಪ್ಪನ ಜೊತೆ ಮದುವೆ ಮುಗಿಸಿ ಅರಕಲಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದೆ. ಕಬ್ಬಿನ ಹಾಲಿನ ಮೆಷಿನ್ನಿಗೆ ಕಟ್ಟಿದ್ದ ಗೆಜ್ಜೆಯ ಸದ್ದು ಬಹಳ ಹಿಡಿಸಿತು.

"ಅಣ್ಣ, ನಿಮ್ಮ ಗೆಜ್ಜೆ ಸದ್ದನ್ನ ರೆಕಾರ್ಡ್ ಮಾಡ್ಕೊಳ್ಳಾ? ಒಂದು ಹಾಡಿಗೆ ಹಾಕ್ತೀನಿ."

"ಸದ್ದುಗೆಲ್ಲ ಯಾಕವ್ವ ಕೇಳೀಯೆ, ಮಾಡ್ಕೊ" ಎಂದು ಅಂಗಡಿಯವರು ಖಾಲಿ ಮೆಷಿನ್ ಓಡಿಸಿದರು. ಕೂಡಲೇ ಅವರಿಗೇ ಸಮಾಧಾನವಾಗದೆ ನಿಲ್ಲಿಸಿದರು. "ತಡಿ, ಇದು ಬೋಳ್ ಬೋಳಾಗ್ ಕೇಳ್ತದೆ. ಕಬ್ಬು ಕೊಟ್ರೇನೆ ಇದಕ್ಕೆ ಲಯ ಬರೋದು."

ಕಬ್ಬು ಕೊಟ್ಟರು. ಲಯ ಬಂತು, ಬಸ್ಸಿನ ಹಾರನ್ನೂ ಬಂತು. ಇನ್ನೊಮ್ಮೆ ಕೊಟ್ಟರು. ಈ ಸಲ ಕಂಡಕ್ಟರ್ ಊರಿನ ಹೆಸರು ಕೂಗಿದ. ಮತ್ತೊಮ್ಮೆ. ಪ್ರತಿ ಸಲವೂ ಬಂದ ಹಾಲನ್ನು ಅಪ್ಪ ಕುಡಿಯಬೇಕಾಯಿತು, ಚೆಲ್ಲುವುದಕ್ಕೆ ಅವನಿಗೆ ಮನಸ್ಸು ಬರುವುದಿಲ್ಲ. ರೆಕಾರ್ಡಿಂಗ್ ಚೊಕ್ಕವಾಗಿ ಬರುವಷ್ಟರಲ್ಲಿ ಅಪ್ಪ ಎದ್ದರೆ ಹೊಟ್ಟೆಯೊಳಗೆ ಕುಲುಕುಲು ಎನ್ನುತ್ತಿತ್ತು. ಅದನ್ನೂ ರೆಕಾರ್ಡ್ ಮಾಡಿಕೊಳ್ಳಲೇ ಎಂದು ಅವನನ್ನೇ ಅಪ್ಪಣೆ ಕೇಳಿದೆ. ಸಿಗಲಿಲ್ಲ.

ಹಾಡು ಮಾಡಿ ಮೊದಲು ಅವರಿಗೇ ಕಳಿಸಿದೆ. ಕೆಲವು ದಿನಕ್ಕೆ ಫೋನ್ ಬಂತು. "ಅವ್ವ, ಆಡು ಬಲು ಚಂದಾಗದೆ. ಕರೆಂಟ್ ಓಗಿತ್ತು, ಬ್ಯಾಟ್ರಿ ಸ್ಪೀಕರ್ನಲ್ಲಿ ಆಕ್ಬುಟ್ಟೆ. ಜನ ಗೆಜ್ಜೆ ಕೇಳ್ಕಂಡು ಬಂದು ಲೋಟಕ್ಕೆ ಕೈ ಚಾಚ್ತಾವ್ರೆ. ಮಿಸಿನ್ ನೋಡುದ್ರೆ ನಿಂತದೆ. ಎಲ್ರೂ ನನ್ಗೆ ಬೈತಾವ್ರೆ."

ಅಪ್ಪ ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿದ್ದ. "ಬೈದೆ ಇನ್ನೇನ್ ಮಾಡಾರು? ಗೆಜ್ಜೆ ಅಂದ್ಮೇಲೆ ಆಲು ಕೊಡ್ಬೇಕು" ಎಂದ.

ಈಗ ಆ ಅಂಗಡಿಯಲ್ಲಿ ಒಂದು ಬೋರ್ಡಿದೆ: ‘ಈಗ ಕೇಳುತ್ತಿರುವ ಗೆಜ್ಜೆ ಹಾಡಿನದು. ಕರೆಂಟ್ ಬಂದ ಮೇಲೆ ನಮ್ಮದು.’

ಧಾರೆಯ ಗಿಂಡಿ

ಕೊನೆಗೂ ನನ್ನ ಮದುವೆ ಗೊತ್ತಾಯಿತು. ಹುಡುಗ ಹಾಸನದಲ್ಲಿ ಹೈಸ್ಕೂಲಿನ ಲೆಕ್ಕದ ಮೇಷ್ಟ್ರು. ಬಂಗಾರದಂಥ ಮನುಷ್ಯ, ಚಪ್ಪಾಳೆ ತಟ್ಟಿದರೆ ಮಾತ್ರ ಯಾವತ್ತೂ ತಾಳಕ್ಕೆ ಬೀಳುವುದಿಲ್ಲ. ಅಪ್ಪ ಸಂಭ್ರಮದಲ್ಲಿ ನಮ್ಮ ಕೆಳಗಿನ ಟೈಲರ್ ಹತ್ತಿರ ನಾಗಸ್ವರಕ್ಕೆ ರೇಷ್ಮೆಯ ಗವಸು ಹೊಲಿಸಿದ. ತನಗೊಂದು ಶರಟು ಹೊಲಿಸಿಕೊಳ್ಳುವುದನ್ನೇ ಮರೆತ.

ಲಗ್ನಪತ್ರಿಕೆಯ ದಿನ ಪುರೋಹಿತರು, "ಧಾರೆ ಎರೆಯೋರು ಯಾರು?" ಎಂದು ಕೇಳಿದರು.

"ನಾನೆಯ" ಎಂದ ಅಪ್ಪ.

"ಸರಿ. ಊದೋರು ಯಾರು?"

ಅಪ್ಪ ತನ್ನ ಎರಡು ಕೈಗಳನ್ನೂ ನೋಡಿಕೊಂಡ. ಧಾರೆ ಎರೆಯುತ್ತಿದ್ದ ಹಾಗೇ ಗಟ್ಟಿಮೇಳ ಶುರುವಾಗಬೇಕು. ಗಿಂಡಿ ಹಿಡಿದ ಕೈಗೆ ನಾಗಸ್ವರ ಹಿಡಿಯಲು ಬರುವುದಿಲ್ಲ. ಇಷ್ಟು ವರ್ಷ ಕನಸು ಕಂಡವನಿಗೂ, ಅದನ್ನು ಕೇಳಿ ಕೇಳಿ ಬೇಸತ್ತ ನಮಗೂ ಇದು ಹೊಳೆದೇ ಇರಲಿಲ್ಲ.

"ಇವಳ ಚಿಕ್ಕಪ್ಪ ಎರೀಲಿ, ನಾನು ಊದ್ತೀನಿ" ಎಂದು ಅಪ್ಪ ಹೇಳಿ ನೋಡಿದ. ಅವ್ವ, "ನನ್ ಮಗಳ್ನ ಇನ್ನೊಬ್ರು ಧಾರೆ ಎರ್ಯಾಕಿಲ್ಲ" ಎಂದು ಅಲ್ಲಿಗೇ ಮುಗಿಸಿದಳು. ಅಪ್ಪ ಬೇರೆ ನಾಗಸ್ವರದವರನ್ನು ಹುಡುಕಲು ಹೊರಟ. ಒಬ್ಬ ಊದಿದರೆ ಬಸ್ಸು ಹಿಡಿಯುವ ಅವಸರ, ಇನ್ನೊಬ್ಬನ ಕಣ್ಣು ಊದುವಾಗಲೂ ಮೊಬೈಲಿನ ಮೇಲೆ. ಯಾರೂ ಒಪ್ಪಿಗೆಯಾಗದೆ ಹಿಂತಿರುಗಿ ಬಂದು, ರೇಷ್ಮೆ ಗವಸಿನ ಸಮೇತ ನಾಗಸ್ವರವನ್ನು ಅಟ್ಟದ ಮೇಲೆ ಇಟ್ಟುಬಿಟ್ಟ.

"ಅಪ್ಪ, ನನ್ನ ರೂಮಿಗೆ ಬಂದು ಊದು. ಏನೂ ಕತ್ತರಿಸಲ್ಲ, ಏನೂ ಸೇರಿಸಲ್ಲ. ಆ ದಿನ ಅದನ್ನೇ ಹಾಕೋಣ."

"ಮಿಸಿನ್ನಲ್ಲಿ ಗಟ್ಟಿಮೇಳವಾ?"

"ತಾಳಿ ನಿಜವಾಗ್ಲೂ ಬೀಳುತ್ತಲ್ಲಪ್ಪ. ಸುಳ್ಳು ಹೆಂಗಾಗುತ್ತೆ?"

ಅಪ್ಪ ಅಟ್ಟದ ಕಡೆ ನೋಡಿದ. "ಉಸಿರು?" ಎಂದ.

"ಉಸಿರೂ ಇರುತ್ತೆ."

ಟೈಲರ್ ಆ ಮಧ್ಯಾಹ್ನ ಹೊಲಿಗೆ ನಿಲ್ಲಿಸಿ ಸಹಕರಿಸಿದರು. ಅಪ್ಪ ಅಷ್ಟು ಚೆನ್ನಾಗಿ ಊದಿದ್ದನ್ನು ನಾನು ಕೇಳಿರಲಿಲ್ಲ.

ಮದುವೆ ಹೊಳೆನರಸೀಪುರದಲ್ಲೇ. ಡೋಲು ನೇರವಾಗಿ ಮಾವನದೇ, ನಾಗಸ್ವರ ಮಾತ್ರ ಸ್ಪೀಕರಿನಿಂದ. ಮಾವನ ಎರಡು ಕೈಗೂ ಕೆಲಸ ಇದ್ದದ್ದರಿಂದ ಅವನ ಕಾಲಿನ ಹೆಬ್ಬೆರಳಿನ ಕೆಳಗೆ ಒಂದು ಸ್ವಿಚ್ಚು ಇಟ್ಟಿದ್ದೆ. ನನ್ನ ಕೈ, ಮೇಷ್ಟ್ರ ಕೈ, ಮೇಲೊಂದು ತೆಂಗಿನಕಾಯಿ. ಅಪ್ಪ ಗಿಂಡಿ ಬಗ್ಗಿಸಿದ. ಪುರೋಹಿತರು "ಗಟ್ಟಿಮೇಳ, ಗಟ್ಟಿಮೇಳ" ಎಂದರು. ಮಾವ ಹೆಬ್ಬೆರಳು ಒತ್ತಿದ.

ಅಪ್ಪನ ನಾಗಸ್ವರ ಇಡೀ ಮಂಟಪ ತುಂಬಿಕೊಂಡಿತು. ನೋಡುತ್ತೇನೆ, ಅಪ್ಪನ ಬೆರಳುಗಳು ಗಿಂಡಿಯ ಮೇಲೆ ಆಡುತ್ತಿವೆ. ಸ್ವರ ತೂಗಿದ ಹಾಗೆಲ್ಲ ಗಿಂಡಿಯೂ ತೂಗುತ್ತಿದೆ. ಧಾರೆಯ ಹಾಲು ಒಮ್ಮೆ ಕಾಯಿಯ ಮೇಲೆ, ಒಮ್ಮೆ ಪುರೋಹಿತರ ಮಂತ್ರದ ಪುಸ್ತಕದ ಮೇಲೆ. ಮೇಷ್ಟ್ರು ಪಾಪ, ಹಾಲು ಬಿದ್ದ ಕಡೆಗೆಲ್ಲ ಕಾಯಿ ಹಿಡಿದು ಕೈ ಆಡಿಸುತ್ತಿದ್ದಾರೆ. ಜೀವಮಾನದಲ್ಲಿ ಅವರು ತಾಳಕ್ಕೆ ಸರಿಯಾಗಿ ಕೈ ಆಡಿಸಿದ್ದು ಅದೇ ಮೊದಲು.

ಅಷ್ಟರಲ್ಲಿ ಸ್ಪೀಕರಿನ ನಾಗಸ್ವರ ನಿಂತು ಸುಯ್ ಎಂದು ಉಸಿರೆಳೆದುಕೊಂಡಿತು. ಅಪ್ಪನೂ ಎಳೆದುಕೊಂಡ. ಕೆನ್ನೆ ಉಬ್ಬಿತು. ಗಿಂಡಿಯನ್ನು ಮೇಲೆತ್ತಿ ಅದರ ಕೊಕ್ಕನ್ನು ಬಾಯಿಗಿಟ್ಟುಕೊಂಡ.

"ಊದ್ಬ್ಯಾಡಿ, ಎರೀರಿ" ಎಂದಳು ಅವ್ವ.

ನಾಗಸ್ವರದ ಜೊತೆ ಮಾವನ ಡೋಲೂ ತಡೆದಿದ್ದ ಆ ಒಂದು ಗಳಿಗೆಯಲ್ಲಿ ಆ ಮಾತು ನೆಟ್ಟಗೆ ಪುರೋಹಿತರ ಮೈಕಿಗೆ ಬಿದ್ದು ಅಡಿಗೆಮನೆಯವರೆಗೂ ಕೇಳಿತು. ಮತ್ತೆ ನಾಗಸ್ವರ ಎದ್ದಿತು. ಅಪ್ಪ ಬೆಚ್ಚಿ ಎರೆದ, ಅಳುತ್ತಲೇ ಎರೆದ. ಕಾಯಿ ಕೆಳಗಿಟ್ಟು ಮೇಷ್ಟ್ರು ತಾಳಿ ಕಟ್ಟಿದರು, ಅಕ್ಷತೆ ಬಿತ್ತು. ನಾನು ಬಿಕ್ಕಿ ಬಿಕ್ಕಿ ಅತ್ತದ್ದು ಒಬ್ಬರಿಗೂ ಕೇಳಿಸಲಿಲ್ಲ. ಗಟ್ಟಿಮೇಳ ಇರುವುದೇ ಅದಕ್ಕೆ.

ತವರಿಗೆ ಮೊದಲ ಸಲ ಬಂದಾಗ ಅಪ್ಪನೇ ಮಾತು ತೆಗೆದ. "ಆ ಗಟ್ಟಿಮೇಳಕ್ಕೆ ತಾಳಿ ಬಿದ್ದಾಯ್ತಲ್ಲ ಮಗ, ಋಣ ತೀರ್ತು. ಇನ್ನು ಅದು ನಿಂದು. ಏನ್ ಬೇಕಾರ ಸೇರುಸ್ಕೊ."

ಏನು ಸೇರಿಸಬೇಕು ಎಂಬುದು ನನಗೆ ಗೊತ್ತಿತ್ತು. ಮದುವೆಯ ವೀಡಿಯೊದಲ್ಲಿ ಅದು ಸ್ಪಷ್ಟವಾಗಿ ಬಂದಿತ್ತು. ಆದರೆ ನೇಮ ನೇಮವೇ, ಯಜಮಾನರನ್ನು ಕೇಳಬೇಕು. ಅವ್ವ ಹಿತ್ತಲ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು.

"ಅವ್ವ, ಊದ್ಬ್ಯಾಡಿ ಎರೀರಿ ಅಂದ್ಯಲ್ಲ, ಆ ದನೀನ ಹಾಡಿಗೆ ಹಾಕ್ಕೊಳ್ಳಾ?"

ಅವ್ವ ತಲೆಯೆತ್ತಲಿಲ್ಲ. "ಆಕ್ಕೊ. ಆದ್ರೆ ನಿಮ್ಮಪ್ಪ ಉಸಿರೆಳ್ಕಳಾ ಜಾಗ್ದಲ್ಲೇ ಆಕು."

"ಯಾಕವ್ವ?"

"ಮದ್ವೆ ಆದಾಗ್ಲಿಂದ ನಂಗೆ ಮಾತಾಡಕ್ಕೆ ಸಿಕ್ಕಿರೋದೇ ಅಷ್ಟು ಜಾಗ ಕಣ್ ಮಗ."